ನುಡಿಗಲಿಕೆಯ ಸಾಧಕ ಶ್ಲೀಮನ್

ಪರಭಾಷೆಯೊಂದನ್ನು ಕಲಿಯಹೊರಟವನಿಗೆ ಮೊದಲು ಎದುರಾಗುವುದು ವ್ಯಾಕರಣ. ಸೂತ್ರಗಳನ್ನೆಲ್ಲ ಕಂಠಪಾಠ ಮಾಡಿಯೂ ನಾಲ್ಕು ವಾಕ್ಯಗಳನ್ನು ಆಡಲಾರದೆ ತಡವರಿಸುವವರು ಎಲ್ಲ ದೇಶಗಳಲ್ಲಿಯೂ ಉಂಟು. ಆ ಸೂತ್ರಗಳನ್ನು ಬದಿಗಿರಿಸಿ, ಕಥೆಗಳನ್ನು ಕೇಳಿ, ಗಟ್ಟಿಯಾಗಿ ಓದಿ, ಹೇಳಿ, ಬರೆದು ಹತ್ತಕ್ಕೂ ಮಿಕ್ಕ ಭಾಷೆಗಳನ್ನು ಕರಗತ ಮಾಡಿಕೊಂಡವನು ಜರ್ಮನಿಯ ಹೈನ್ರಿಖ್ ಶ್ಲೀಮನ್. ಪ್ರಾಚೀನ ಟ್ರಾಯ್ ನಗರದ ನೆಲೆಯನ್ನು ಅಗೆದವನೆಂದು ಜಗತ್ತು ಅವನನ್ನು ಬಲ್ಲದು. ಆ ಕೀರ್ತಿಗೆ ಹಾದಿ ಮಾಡಿಕೊಟ್ಟುದು ಅವನ ಭಾಷಾಸಾಧನೆ.

ಶ್ಲೀಮನ್ 1822ರ ಜನವರಿ 6ರಂದು ಮೆಕ್ಲೆನ್‌ಬುರ್ಗ್ ಪ್ರಾಂತ್ಯದ ನಾಯ್‌ಬುಕೋ ಎಂಬಲ್ಲಿ ಜನಿಸಿದನು. ಅವನ ತಂದೆ ಒಬ್ಬ ಪಾದ್ರಿ. ಟ್ರಾಯ್ ಯುದ್ಧದ ಕಥೆಗಳನ್ನು ಬಾಲಕನು ತಂದೆಯ ಬಾಯಿಂದಲೇ ಕೇಳಿದನು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ಬಡತನದಿಂದಾಗಿ ಹದಿನಾಲ್ಕಕ್ಕೇ ಶಾಲೆ ಬಿಟ್ಟು ಕಿರಾಣಿ ಅಂಗಡಿಯನ್ನು ಸೇರಬೇಕಾಯಿತು. ಉಪ್ಪು, ಎಣ್ಣೆ, ಮೀನುಗಳನ್ನು ಅಳೆದು ಕೊಡುವುದೇ ಅಲ್ಲಿ ಕೆಲಸ. ಒಂದು ಸಂಜೆ, ಓದಿ ಕೆಟ್ಟ ಒಬ್ಬ ಕುಡುಕ ಅಂಗಡಿಗೆ ಬಂದು ಹೋಮರನ ಕಾವ್ಯವನ್ನು ಗ್ರೀಕ್ ಭಾಷೆಯಲ್ಲಿಯೇ ಹಾಡತೊಡಗಿದನು. ಒಂದು ಪದವೂ ಅರ್ಥವಾಗದಿದ್ದರೂ ಆ ನಾದಕ್ಕೆ ಹುಡುಗನ ಕಣ್ಣು ತುಂಬಿ ಬಂದಿತು. ತನ್ನಲ್ಲಿದ್ದ ಕಾಸನ್ನು ಕೊಟ್ಟು ಅವನಿಂದ ಮತ್ತೆ ಮತ್ತೆ ಹಾಡಿಸಿ ಕೇಳಿದನು.

ಭಾರವಾದ ಪೀಪಾಯಿಯನ್ನು ಎತ್ತಿ ಎದೆನೋವಿಗೆ ಗುರಿಯಾದ ತರುಣನು ಅಂಗಡಿಯ ಕೆಲಸವನ್ನು ಬಿಟ್ಟು, ದಕ್ಷಿಣ ಅಮೆರಿಕಕ್ಕೆ ಹೊರಟ ಹಡಗನ್ನು ಹತ್ತಿದನು. 1841ರ ಡಿಸೆಂಬರಿನಲ್ಲಿ ಆ ಹಡಗು ಬಿರುಗಾಳಿಗೆ ಸಿಕ್ಕಿ ಹಾಲೆಂಡಿನ ಕರಾವಳಿಯಲ್ಲಿ ಒಡೆದುಹೋಯಿತು. ಬದುಕಿ ಉಳಿದ ಶ್ಲೀಮನ್ ಆಮ್‌ಸ್ಟರ್‌ಡ್ಯಾಮ್ ನಗರವನ್ನು ಸೇರಿ, ವ್ಯಾಪಾರಸಂಸ್ಥೆಯೊಂದರಲ್ಲಿ ಕಾಗದಪತ್ರಗಳನ್ನು ಹೊತ್ತು ತಿರುಗುವ ಕೆಲಸಕ್ಕೆ ನಿಂತನು.

ವರ್ಷಕ್ಕೆ ದೊರೆಯುತ್ತಿದ್ದುದು 800 ಫ್ರಾಂಕ್. ಅದರಲ್ಲಿ ಅರ್ಧವನ್ನು ಅವನು ವಿದ್ಯಾಭ್ಯಾಸಕ್ಕೆ ಮೀಸಲಿರಿಸಿದನು. ಬೆಂಕಿಯಿಲ್ಲದ ಅಟ್ಟದ ಕೋಣೆಯಲ್ಲಿ ವಾಸ. ಬೆಳಗಿನ ಊಟಕ್ಕೆ ಅಂಬಲಿ. ಮೊದಲು ಆರಿಸಿಕೊಂಡುದು ಇಂಗ್ಲಿಷ್ ಭಾಷೆಯನ್ನು. ಅವನ ಕ್ರಮ ಸರಳವಾದುದು: ತನ್ನ ಭಾಷೆಗೆ ಅನುವಾದಿಸದೆ ಗಟ್ಟಿಯಾಗಿ ಓದುವುದು; ದಿನವೂ ಒಂದು ಗಂಟೆ ಪಾಠ ಹೇಳಿಸಿಕೊಳ್ಳುವುದು; ಮನಸ್ಸಿಗೆ ಹಿಡಿಸಿದ ವಿಷಯವನ್ನು ಕುರಿತು ಬರೆಯುವುದು; ಗುರುವು ತಿದ್ದಿದ ಮೇಲೆ ಅದನ್ನು ಬಾಯಿಪಾಠ ಮಾಡಿ ಮರುದಿನ ಒಪ್ಪಿಸುವುದು. ಉಚ್ಚಾರಣೆ ಕೈಗೂಡಲೆಂದು ಭಾನುವಾರ ಎರಡು ಬಾರಿ ಇಂಗ್ಲಿಷ್ ಚರ್ಚಿಗೆ ಹೋಗಿ, ಉಪದೇಶಕನ ಒಂದೊಂದು ಮಾತನ್ನೂ ಮೆಲುದನಿಯಲ್ಲಿ ತಾನೂ ನುಡಿಯುತ್ತಿದ್ದನು. ಮಳೆಯಲ್ಲಿ ನಡೆಯುವಾಗಲೂ ಅಂಚೆಕಚೇರಿಯಲ್ಲಿ ಕಾಯುವಾಗಲೂ ಪುಸ್ತಕ ಕೈಯಲ್ಲಿರುತ್ತಿತ್ತು.

ಅವನು ಆಗ ಬಾಯಿಪಾಠ ಮಾಡಿದ ಇಂಗ್ಲಿಷ್ ಗ್ರಂಥಗಳು ಎರಡು. ಒಂದು ಗೋಲ್ಡ್‌ಸ್ಮಿತ್‌ನ ‘ವೇಕ್‌ಫೀಲ್ಡಿನ ಪಾದ್ರಿ’, ಇನ್ನೊಂದು ಸ್ಕಾಟ್‌ನ ‘ಐವನ್‌ಹೋ’. ಮೊದಲನೆಯದರಲ್ಲಿ ಪಾದ್ರಿಯ ಹಿರಿಯ ಮಗನು ತನ್ನ ಅಲೆದಾಟದ ಕಥೆಯನ್ನು ಹೇಳುವ ಪ್ರಸಂಗವಿದೆ. ಡಚ್ಚರಿಗೆ ಇಂಗ್ಲಿಷ್ ಕಲಿಸಿ ಬದುಕುವೆನೆಂದು ಅವನು ಆಮ್‌ಸ್ಟರ್‌ಡ್ಯಾಮಿಗೆ ಬರುತ್ತಾನೆ. ಹಾಗೆ ಕಲಿಸಲು ತನಗೆ ಮೊದಲು ಡಚ್ ಭಾಷೆ ಬರಬೇಕೆಂಬುದು ಬೀದಿಯಲ್ಲಿ ನಿಂತಾಗಲೇ ಅವನಿಗೆ ಹೊಳೆಯುತ್ತದೆ! ಅದೇ ನಗರದ ಬೀದಿಗಳಲ್ಲಿ ಆ ಕಥೆಯನ್ನು ಉರುಹೊಡೆದ ತರುಣನು ಅಂಥ ತಪ್ಪನ್ನು ಮಾಡಲಿಲ್ಲ. ಆರು ತಿಂಗಳಲ್ಲಿ ಇಂಗ್ಲಿಷನ್ನು ವಶಪಡಿಸಿಕೊಂಡೆನೆಂದು ಅವನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಈ ಕ್ರಮದಲ್ಲಿ ವ್ಯಾಕರಣವು ಇಲ್ಲದೆ ಹೋಗಲಿಲ್ಲ. ವಾಕ್ಯದೊಡನೆ ಬೆರೆತು ಬಂದಿತು. ಪ್ರಯಾಣದ ಕಥೆಯನ್ನು ಹೇಳುವವನು ಹೊರಟುದು, ಕಂಡುದು, ತಲಪಿದುದು ಎಲ್ಲವನ್ನೂ ಭೂತಕಾಲದಲ್ಲಿಯೇ ಹೇಳಬೇಕು. ಮೊದಲು ನಡೆದುದಾವುದು, ಅನಂತರ ನಡೆದುದಾವುದು ಎಂಬುದನ್ನು ಕ್ರಿಯಾಪದದ ರೂಪವೇ ತೋರಿಸಬೇಕು. ಎಲ್ಲಿಂದ, ಎಲ್ಲಿಗೆ, ಯಾವುದರ ಮೂಲಕ ಎಂಬ ಸಂಬಂಧಗಳೂ ತಾವಾಗಿ ಬರುತ್ತವೆ. ತಿದ್ದಿದ ಕಥೆಯನ್ನು ಹತ್ತು ಬಾರಿ ನುಡಿದವನ ಕಿವಿಗೆ ತಪ್ಪು ರೂಪವು ಅಪಸ್ವರದಂತೆ ಕೇಳಿಸುತ್ತದೆ.

ಫ್ರೆಂಚ್ ಭಾಷೆಗೆ ಶ್ಲೀಮನ್ ಆರಿಸಿಕೊಂಡುದು ‘ಟೆಲಿಮ್ಯಾಕಸನ ಸಾಹಸಗಳು’. ಅದು ತಂದೆಯನ್ನು ಅರಸುತ್ತ ದೇಶದೇಶ ಸುತ್ತಿದ ರಾಜಕುಮಾರನ ಕಥೆ. 1844ರಲ್ಲಿ ಬೇರೊಂದು ಸಂಸ್ಥೆಯನ್ನು ಸೇರಿ ರಷ್ಯನ್ ಭಾಷೆಗೆ ಕೈಹಾಕಿದಾಗಲೂ ಆ ಕಥೆಯ ರಷ್ಯನ್ ಅನುವಾದವೇ ಅವನಿಗೆ ಪಠ್ಯವಾಯಿತು. ಆಗ ಕಲಿಸುವವರು ಯಾರೂ ಸಿಕ್ಕಲಿಲ್ಲ. ಕೇಳುವವನಿಲ್ಲದೆ ಹೇಳುವವನಿಗೆ ಹುರುಪು ಬಾರದೆಂದು ಅವನು ಒಬ್ಬ ಬಡ ಯೆಹೂದಿಯನ್ನು ವಾರಕ್ಕೆ ನಾಲ್ಕು ಫ್ರಾಂಕುಗಳಿಗೆ ಗೊತ್ತುಮಾಡಿಕೊಂಡನು. ರಷ್ಯನ್ ಭಾಷೆಯ ಗಂಧವೂ ಇಲ್ಲದ ಆತ ಪ್ರತಿದಿನ ಸಂಜೆ ಎರಡು ಗಂಟೆಗಳ ಕಾಲ ಕುಳಿತು ಶ್ಲೀಮನ್ ಹೇಳುವ ಕಥೆಯನ್ನು ಕೇಳಬೇಕಾಗಿತ್ತು. ತೆಳುವಾದ ಹಲಗೆಯ ಛಾವಣಿಯ ಮೂಲಕ ಆ ಗದ್ದಲವನ್ನು ಕೇಳಿ ಬೇಸತ್ತ ನೆರೆಯ ಬಿಡಾರದವರು ದೂರಿತ್ತರು. ಎರಡು ಬಾರಿ ಮನೆ ಬದಲಾಯಿಸಬೇಕಾಯಿತು, ಅಭ್ಯಾಸ ನಿಲ್ಲಲಿಲ್ಲ. ಆರು ವಾರಗಳಲ್ಲಿ ಅವನು ಮೊದಲ ರಷ್ಯನ್ ಪತ್ರವನ್ನು ಬರೆದನು. 1846ರಲ್ಲಿ ಸಂಸ್ಥೆಯ ಪ್ರತಿನಿಧಿಯಾಗಿ ಸೇಂಟ್ ಪೀಟರ್ಸ್‌ಬರ್ಗಿಗೆ ತೆರಳಿ, ನೀಲಿಯ ವ್ಯಾಪಾರದಲ್ಲಿ ಅಪಾರ ಸಂಪತ್ತನ್ನು ಗಳಿಸಿದನು.

ಪ್ರಯಾಣ ಮಾಡಿದಲ್ಲೆಲ್ಲ ದಿನಚರಿ ಬರೆಯುವುದು, ಸಾಧ್ಯವಾದ ಕಡೆ ಆಯಾ ದೇಶದ ಭಾಷೆಯಲ್ಲಿಯೇ ಬರೆಯುವುದು ಅವನ ರೂಢಿ. ಅಮೆರಿಕದ ಪ್ರವಾಸವನ್ನು ಇಂಗ್ಲಿಷಿನಲ್ಲಿ ಬರೆದನು. 1851ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಸುಟ್ಟ ಬೆಂಕಿಯನ್ನು ತಾನೇ ಕಂಡಂತೆ ಅದರಲ್ಲಿ ವರ್ಣಿಸಿದ್ದಾನೆ. ಆ ದಿನ ಅವನು ಅಲ್ಲಿರಲಿಲ್ಲವೆಂದೂ ಪತ್ರಿಕೆಯ ವರದಿಯಿಂದ ಅದನ್ನು ಹೆಣೆದನೆಂದೂ ಮುಂದೆ ವಿದ್ವಾಂಸರು ತೋರಿಸಿದರು. ಅದು ಕೇವಲ ಭಾಷಾಭ್ಯಾಸವಾಗಿದ್ದಿರಬಹುದು ಎಂಬ ಅಭಿಪ್ರಾಯವೂ ಉಂಟು. ಆದರೆ ಚೆನ್ನಾಗಿ ಹೇಳಿದ ಕಥೆಗೂ ನಡೆದ ಸಂಗತಿಗೂ ಇರುವ ಗೆರೆಯನ್ನು ಅವನು ಮುಂದೆಯೂ ದಾಟಿದನು. 1873ರಲ್ಲಿ ಟ್ರಾಯ್ ನೆಲೆಯಲ್ಲಿ ದೊರೆತ ಚಿನ್ನದ ನಿಧಿಯನ್ನು ತನ್ನ ಪತ್ನಿ ಸೋಫಿಯಾ ಶಾಲಿನಲ್ಲಿ ಕಟ್ಟಿ ಸಾಗಿಸಿದಳೆಂದು ಬರೆದನು. ಆಗ ಅವಳು ಅಲ್ಲಿರಲಿಲ್ಲವೆಂಬುದನ್ನು ಬಳಿಕ ತಾನೇ ಒಪ್ಪಿಕೊಂಡನು. ಹೋಮರನ ಪ್ರಿಯಾಮ ರಾಜನದೆಂದು ಅವನು ಸಾರಿದ ಆ ನಿಧಿ ಆ ರಾಜನ ಕಾಲಕ್ಕಿಂತ ಸುಮಾರು ಸಾವಿರ ವರ್ಷಗಳಷ್ಟು ಹಿಂದಿನ ಪದರಕ್ಕೆ ಸೇರಿದುದಾಗಿತ್ತು. ಅವಸರದ ಅಗೆತದಲ್ಲಿ ಮೇಲಿನ ಪದರಗಳು ಹಾಳಾದವು.

ಅವನ ಸಾಧನೆಯ ಸುಂದರವಾದ ಫಲ ಕಾಣಿಸಿದುದು ಗ್ರೀಸಿನಲ್ಲಿ. ಬಾಲ್ಯದಲ್ಲಿ ಅರ್ಥವಾಗದೆ ಕೇಳಿದ ಗ್ರೀಕ್ ಭಾಷೆಯನ್ನು 1856ರಲ್ಲಿ ಕಲಿಯತೊಡಗಿದ ಅವನು, 1868ರಲ್ಲಿ ಒಡಿಸ್ಯೂಸನ ನಾಡಾದ ಇಥಾಕ ದ್ವೀಪಕ್ಕೆ ಹೋದನು. ಇಪ್ಪತ್ತು ವರ್ಷಗಳ ಬಳಿಕ ಮರಳಿದ ಒಡಿಸ್ಯೂಸನು ವೃದ್ಧ ತಂದೆಯನ್ನು ಕಾಣುವ ಭಾಗವನ್ನು ಅಲ್ಲಿನ ಹಳ್ಳಿಗರಿಗೆ ಓದಿ, ಅವರ ಆಡುಮಾತಿನಲ್ಲಿ ಹೇಳಿದನು. ಕೇಳಿದವರೂ ಹೇಳಿದವನೂ ಕಣ್ಣೀರಿಟ್ಟರು.

1876ರಲ್ಲಿ ಮೈಸೀನಿಯ ಸಮಾಧಿಗಳನ್ನು ಅಗೆದು ಇನ್ನಷ್ಟು ಹೆಸರಾದ ಶ್ಲೀಮನ್ 1890ರ ಡಿಸೆಂಬರ್ 26ರಂದು ನೇಪಲ್ಸ್ ನಗರದಲ್ಲಿ ತೀರಿಕೊಂಡನು; ಅವನ ಸಮಾಧಿ ಅಥೆನ್ಸಿನಲ್ಲಿದೆ. ನುಡಿಯನ್ನು ಪಡೆಯಲು ಕಥೆಯಂಥ ಗುರು ಇನ್ನೊಂದಿಲ್ಲವೆಂಬುದನ್ನು ಅವನ ಬಾಳು ತೋರಿಸಿಕೊಟ್ಟಿತು. ಹಾಗೆ ಪಡೆದ ನುಡಿಯನ್ನು ಸತ್ಯದ ಅಂಕೆಯಲ್ಲಿ ಇರಿಸಿಕೊಳ್ಳುವುದು ಅದಕ್ಕಿಂತ ಕಠಿನವಾದ ಪಾಠ. ಮೊದಲನೆಯದನ್ನು ಅವನ ಯಶಸ್ಸಿನಿಂದ, ಎರಡನೆಯದನ್ನು ಅವನ ಸೋಲಿನಿಂದ ಕಲಿಯಬೇಕು.