ಮೈಕೇಲ್ ಫ್ಯಾರಡೆಯೂ ಅವನ ಬಾಲಶ್ರೋತೃಗಳೂ

ನಮ್ಮ ಪಾಠಶಾಲೆಯ ಆರು, ಏಳು, ಎಂಟನೆಯ ತರಗತಿಗಳ ಹುಡುಗಿಯರು ಮೇಣದ ಬತ್ತಿ, ಗಾಜಿನ ಲೋಟ, ಸುಣ್ಣದ ತಿಳಿನೀರು ಇವುಗಳನ್ನಿಟ್ಟುಕೊಂಡು ಪ್ರಯೋಗ ಮಾಡುವುದನ್ನು ಕಂಡು, ಪರೀಕ್ಷೆಗೆ ಬೇಕಾದ ಉತ್ತರಗಳನ್ನು ಬರೆಯಿಸುವುದನ್ನು ಬಿಟ್ಟು ಇದೇಕೆ ಕಾಲಹರಣವೆಂದು ಕೆಲವು ಮಾತಾಪಿತೃಗಳು ನಮ್ಮನ್ನು ಕೇಳಿರುವುದುಂಟು. ಹೆಣ್ಣುಮಕ್ಕಳಿಗೆ ವಿಜ್ಞಾನವು ಇಷ್ಟೊಂದು ಬೇಕೇ ಎಂದು ಸಂಕೋಚದಿಂದ ಕೇಳುವವರೂ ಇಲ್ಲದಿಲ್ಲ. ಇದಕ್ಕೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಬ್ಬ ಮಹನೀಯನ ಚರಿತ್ರೆಯನ್ನು ಹೇಳುವುದೇ ಲೇಸೆಂದು ನಮಗೆ ತೋರಿತು.

ಮೈಕೇಲ್ ಫ್ಯಾರಡೆಯು 1791ನೆಯ ಇಸವಿ ಸೆಪ್ಟೆಂಬರ್ 22ನೆಯ ತಾರೀಖಿನಲ್ಲಿ ಲಂಡನ್ ಪಟ್ಟಣದ ಬಳಿಯ ನ್ಯೂಯಿಂಗ್ಟನ್ ಎಂಬಲ್ಲಿ ಜನಿಸಿದನು. ತಂದೆ ಜೇಮ್ಸನು ಕಮ್ಮಾರನು. ಅವನ ದೇಹಸ್ಥಿತಿಯು ಚೆನ್ನಾಗಿರಲಿಲ್ಲವಾಗಿ ಮನೆಯಲ್ಲಿ ಬಡತನವು ನೆಲಸಿದ್ದಿತು. 1801ರಲ್ಲಿ ಧಾನ್ಯದ ಬೆಲೆಯು ಏರಿದಾಗ ಬಾಲಕನಿಗೆ ವಾರಕ್ಕೆ ಒಂದೇ ರೊಟ್ಟಿಯು ದೊರೆಯುತ್ತಿದ್ದಿತು. ಏಳು ದಿನಗಳೂ ಅದರಲ್ಲಿಯೇ ಕಳೆಯಬೇಕು. ಶಾಲೆಯಲ್ಲಿ ಅವನು ಕಲಿತುದು ಓದು, ಬರೆಹ, ಲೆಕ್ಕ ಇಷ್ಟೇ. ರಕಾರವನ್ನು ಸರಿಯಾಗಿ ಉಚ್ಚರಿಸಲಾರದ ಈ ಹುಡುಗನನ್ನು ಬೆತ್ತದಿಂದ ತಿದ್ದುವೆನೆಂದು ಉಪಾಧ್ಯಾಯಿನಿಯು ಹೊರಡಲು, ತಾಯಿಯು ಅವನನ್ನೂ ಅವನ ಅಣ್ಣನನ್ನೂ ಆ ಶಾಲೆಯಿಂದಲೇ ಬಿಡಿಸಿದಳೆಂದು ಒಂದು ಕಥೆಯುಂಟು. ನಮ್ಮ ವೃತ್ತಿಯವರು ಈ ಕಥೆಯನ್ನು ಮರೆಯದಿರುವುದು ಒಳ್ಳೆಯದು.

ಹದಿನಾಲ್ಕನೆಯ ವಯಸ್ಸಿನಲ್ಲಿ, 1805ರಲ್ಲಿ, ಅವನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ರಟ್ಟು ಕಟ್ಟುವ ಕೆಲಸವನ್ನು ಕಲಿಯಲು ಸೇರಿ, ಏಳು ವರ್ಷಗಳ ಕಾಲ ಅಲ್ಲಿದ್ದನು. ಕಟ್ಟಲು ಬಂದ ಪುಸ್ತಕಗಳನ್ನು ಹೊಲಿಯುವುದರೊಡನೆ ಓದಿಯೂ ಬಿಡುವನು. ಇವುಗಳಲ್ಲಿ ಎರಡು ಅವನ ಬಾಳನ್ನು ತಿರುಗಿಸಿದುವು. ಒಂದು, ಬ್ರಿಟಾನಿಕ ವಿಶ್ವಕೋಶದಲ್ಲಿದ್ದ ವಿದ್ಯುಚ್ಛಕ್ತಿಯ ಲೇಖನ. ಮತ್ತೊಂದು, ಜೇನ್ ಮಾರ್ಸೆಟ್ ಎಂಬ ಮಹಿಳೆಯು ಬರೆದ ರಸಾಯನಶಾಸ್ತ್ರದ ಸಂವಾದಗಳು.

ಈ ಎರಡನೆಯ ಗ್ರಂಥದ ವಿಷಯವಾಗಿ ನಾವು ಸ್ವಲ್ಪ ನಿಂತು ಹೇಳಬೇಕು. ಮಾರ್ಸೆಟಳು ಒಬ್ಬ ವೈದ್ಯನ ಪತ್ನಿ. ಆಕೆಯು ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಸರ್ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿದಾಗ ಮೊದಲು ಅವು ಚೆನ್ನಾಗಿ ತಿಳಿಯಲಿಲ್ಲ. ಸ್ನೇಹಿತರೊಬ್ಬರೊಡನೆ ಮಾತಾಡಿ, ಪ್ರಯೋಗಗಳನ್ನು ತಾನೇ ಮಾಡಿನೋಡಿದ ಮೇಲೆ ವಿಶದವಾದುವು. ಇತರ ಸ್ತ್ರೀಯರಿಗೂ ಅದೇ ಸಹಾಯವಾಗಲೆಂದು, ಒಬ್ಬ ಉಪಾಧ್ಯಾಯಿನಿಯೂ ಇಬ್ಬರು ಹುಡುಗಿಯರೂ ಮಾತಾಡುವ ರೀತಿಯಲ್ಲಿ ಗ್ರಂಥವನ್ನು ರಚಿಸಿದಳು. ಮೊದಲ ಮುದ್ರಣಗಳಲ್ಲಿ ಆಕೆಯ ಹೆಸರೇ ಇರಲಿಲ್ಲ. ಹುಡುಗಿಯರಿಗೋಸ್ಕರ ಬರೆದ ಈ ಪುಸ್ತಕವು ರಟ್ಟು ಕಟ್ಟುವ ಹುಡುಗನ ಕೈಗೆ ಬಂದಿತು. ಅವನು ಓದಿದುದನ್ನು ಹಾಗೆಯೇ ನಂಬಲಿಲ್ಲ. ತನ್ನ ಅಲ್ಪ ಸಾಧನಗಳಿಂದ ಪ್ರಯೋಗ ಮಾಡಿ, ಪುಸ್ತಕದಲ್ಲಿದ್ದುದು ನಿಜವೆಂದು ಕಂಡು ಆಮೇಲೆ ಒಪ್ಪಿದನು. ಲೋಕವಿಖ್ಯಾತನಾದ ಮೇಲೂ ತನ್ನ ಪ್ರಬಂಧಗಳ ಪ್ರತಿಗಳನ್ನು ಆಕೆಗೆ ಕಳುಹಿಸುತ್ತಿದ್ದನು. 1858ರಲ್ಲಿ ಆಕೆಯು ತೀರಿಕೊಂಡಾಗ, ತನ್ನ ಮೊದಲ ಗುರು ಆಕೆಯೇ ಎಂಬ ಕೃತಜ್ಞತೆಯನ್ನು ಮಿತ್ರನೊಬ್ಬನಿಗೆ ಬರೆದು ತಿಳಿಸಿದನು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಕೊಟ್ಟ ಟಿಕೆಟುಗಳಿಂದ ಅವನಿಗೆ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಭಾಗ್ಯವು ಒದಗಿತು. ಕೇಳಿದುದನ್ನೆಲ್ಲ ಚಿತ್ರಸಹಿತವಾಗಿ ಬರೆದು, ತಾನೇ ರಟ್ಟು ಕಟ್ಟಿ, ಕೆಲಸವನ್ನು ಬೇಡುವ ಪತ್ರದೊಡನೆ ಡೇವಿಗೆ ಕಳುಹಿಸಿದನು. ಡೇವಿಯು ಆದರದಿಂದ ಮಾತಾಡಿಸಿದನಾದರೂ, ಇರುವ ಕಸುಬನ್ನೇ ಹಿಡಿದಿರೆಂದು ಬುದ್ಧಿ ಹೇಳಿದನು. ಕೆಲವು ವಾರಗಳೊಳಗೆ ಪ್ರಯೋಗಶಾಲೆಯ ಸಹಾಯಕನೊಬ್ಬನು ಜಗಳವಾಡಿ ಕೆಲಸವನ್ನು ಕಳೆದುಕೊಳ್ಳಲು, 1813ನೆಯ ಮಾರ್ಚ್ 1ರಂದು ಆ ಸ್ಥಾನವು ಫ್ಯಾರಡೆಗೆ ದೊರೆಯಿತು. ವಾರಕ್ಕೆ 25 ಷಿಲಿಂಗು ಸಂಬಳ, ಮಾಳಿಗೆಯ ಮೇಲೆ ಎರಡು ಕೋಣೆಗಳು. ಅದೇ ವರ್ಷ ಡೇವಿ ದಂಪತಿಗಳೊಡನೆ ಯೂರೋಪಿನ ಪ್ರವಾಸಕ್ಕೆ ಹೋಗಿ, ದೊಡ್ಡ ವಿದ್ವಾಂಸರನ್ನು ಕಂಡನು. ಡೇವಿಯ ಪತ್ನಿಯು ತನ್ನನ್ನು ಸೇವಕನಂತೆ ನಡೆಸಿಕೊಂಡುದನ್ನೂ ಸಹಿಸಿದನು.

ಅವನ ಶೋಧನೆಗಳನ್ನೆಲ್ಲ ಇಲ್ಲಿ ವಿವರಿಸಲು ಸ್ಥಳವಿಲ್ಲ. 1825ರಲ್ಲಿ ಬೆಂಜೀನನ್ನು ಕಂಡುಹಿಡಿದನು. 1831ರಲ್ಲಿ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಚಲಿಸುವಂತೆ ಮಾಡಿದರೆ ವಿದ್ಯುತ್ಪ್ರವಾಹವು ಹುಟ್ಟುವುದೆಂದು ತೋರಿಸಿದನು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತೂ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ ದೀಪಗಳೂ ಈ ತತ್ತ್ವದ ಫಲಗಳೇ.

ನಮ್ಮ ಉದ್ದೇಶಕ್ಕೆ ಮುಖ್ಯವಾದುದು ಬೇರೆ. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಕ್ರಿಸ್ಮಸ್ ರಜೆಯ ಕಾಲದಲ್ಲಿ ಬಾಲಕ ಬಾಲಿಕೆಯರಿಗಾಗಿ ಉಪನ್ಯಾಸಮಾಲೆಗಳು ಆರಂಭವಾದುವು. 1827ರಿಂದ 1860ರ ವರೆಗೆ ಇಂತಹ 19 ಮಾಲೆಗಳನ್ನು ಫ್ಯಾರಡೆಯೇ ನಡೆಯಿಸಿದನು. ಯೂರೋಪಿನ ಪಂಡಿತರು ಯಾರ ಪತ್ರಕ್ಕಾಗಿ ಕಾಯುತ್ತಿದ್ದರೋ ಅಂತಹವನು ಮಕ್ಕಳ ಮುಂದೆ ನಿಲ್ಲುವುದನ್ನು ಕಿರಿದೆಂದು ಎಣಿಸಲಿಲ್ಲ. ಸಭೆಯಲ್ಲಿ ಹಿರಿಯರಿದ್ದರೂ, ತಾನೂ ಒಬ್ಬ ಬಾಲಕನಂತೆ ಮಕ್ಕಳನ್ನೇ ನೋಡಿ ಮಾತಾಡಲು ಅಪ್ಪಣೆ ಬೇಡುತ್ತಿದ್ದನು. ಬೋಧನೆಯ ಕಲೆಯು ಅವನಿಗೆ ಹುಟ್ಟಿನಿಂದ ಬಂದುದಲ್ಲ. ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಇತರರ ಉಪನ್ಯಾಸಗಳ ಗುಣದೋಷಗಳನ್ನು ಪರೀಕ್ಷಿಸಿ ಮಿತ್ರನಿಗೆ ದೀರ್ಘವಾದ ಪತ್ರಗಳನ್ನು ಬರೆದಿದ್ದನು. ಒಂದು ಗಂಟೆಯನ್ನು ಮೀರಿ ಕೇಳುಗರನ್ನು ಕೂರಿಸಬಾರದೆಂಬುದೂ, ಕೊಠಡಿಯಲ್ಲಿ ಗಾಳಿಯು ಚೆನ್ನಾಗಿ ಆಡಬೇಕೆಂಬುದೂ ಅವುಗಳಲ್ಲಿವೆ. ಮಾತಿನ ರೀತಿಯನ್ನು ಹಣ ಕೊಟ್ಟು ಕಲಿತನು. ವೇಗವಾಗಿ ಮಾತಾಡಿಬಿಡುವ ತನ್ನ ಸ್ವಭಾವವನ್ನು ಬಲ್ಲವನಾಗಿ, ನಿಧಾನವೆಂದು ಬರೆದ ಚೀಟಿಯೊಂದನ್ನು ಉಪನ್ಯಾಸದ ವೇಳೆಯಲ್ಲಿ ತನ್ನ ಕಣ್ಣೆದುರಿಗೆ ಇಡಿಸಿಕೊಳ್ಳುತ್ತಿದ್ದನು. ಯಾವುದನ್ನೂ ಎಲ್ಲರಿಗೂ ತಿಳಿದೇ ಇದೆಯೆಂದು ಭಾವಿಸದೆ, ಕಿವಿಗೆ ಹೇಳಿದುದನ್ನು ಕಣ್ಣಿಗೂ ತೋರಿಸುವುದು ಅವನ ನಿಯಮವಾಗಿದ್ದಿತು.

ಅವನು 1848ರಲ್ಲಿಯೂ ಮತ್ತೆ 1860ರ ಕೊನೆಯಲ್ಲಿಯೂ ಆರಿಸಿಕೊಂಡ ವಿಷಯವು ಮೇಣದ ಬತ್ತಿ. ಬಡವರ ಮನೆಯಲ್ಲಿಯೂ ಸಿಕ್ಕುವ ಈ ವಸ್ತುವಿನಿಂದಲೇ ಪ್ರಕೃತಿಯ ನಿಯಮಗಳೊಳಕ್ಕೆ ಪ್ರವೇಶಿಸಬಹುದೆಂಬುದು ಅವನ ಎಣಿಕೆ. 57 ವರ್ಷ ಸಮುದ್ರದ ಉಪ್ಪುನೀರಿನಲ್ಲಿ ಮುಳುಗಿದ್ದ ಹಡಗೊಂದರ ಬತ್ತಿಯನ್ನು ತಂದು ಹೊತ್ತಿಸಿದಾಗ, ಅದು ಎಂದಿನಂತೆಯೇ ಉರಿಯಿತು. ಬತ್ತಿಯನ್ನು ಮೆಲ್ಲನೆ ಆರಿಸಿ, ಮೇಲೇಳುವ ಆವಿಗೆ ಎರಡು ಮೂರು ಅಂಗುಲ ದೂರದಲ್ಲಿ ಬೆಂಕಿಯನ್ನು ತೋರಿಸಿದರೆ, ಜ್ವಾಲೆಯು ಆವಿಯ ದಾರಿಯಲ್ಲಿ ಓಡಿ ಬತ್ತಿಯನ್ನು ಸೇರುವುದು. ಉರಿಯುವುದು ಗಟ್ಟಿಮೇಣವಲ್ಲ, ಅದರ ಆವಿ ಎಂಬುದು ಹೀಗೆ ಮಕ್ಕಳಿಗೆ ಕಂಡಿತು. ಮಂಜುಗಡ್ಡೆಯನ್ನೂ ಉಪ್ಪನ್ನೂ ತುಂಬಿದ ಪಾತ್ರೆಯನ್ನು ಜ್ವಾಲೆಯ ಮೇಲೆ ಹಿಡಿಯಲು ಅದರ ತಳದಲ್ಲಿ ನೀರಿನ ಹನಿಗಳು ಕಟ್ಟಿದುವು. ಬೆಂಕಿಯಿಂದ ನೀರು! ಉರಿದ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಸೇರಿಸಲು ಅದು ಹಾಲಿನಂತೆ ಬೆಳ್ಳಗಾಯಿತು. ಕೊನೆಗೆ ತನ್ನ ಉಸಿರನ್ನೇ ಅದೇ ನೀರಿನೊಳಕ್ಕೆ ಊದಲು, ಆಗಲೂ ಹಾಗೆಯೇ ಬೆಳ್ಳಗಾಯಿತು. ಬತ್ತಿಯಲ್ಲಿ ನಡೆಯುವಂತಹದೇ ಒಂದು ದಹನವು ನಮ್ಮ ದೇಹದಲ್ಲಿಯೂ ನಡೆಯುತ್ತಿದೆಯೆಂದು ಅವನು ತಿಳಿಸಿದುದು ಇದಾದ ಮೇಲೆ, ಮೊದಲೇ ಹೇಳಿಬಿಡಲಿಲ್ಲ. ನಮ್ಮ ಏಳನೆಯ ತರಗತಿಯಲ್ಲಿ ಪಾಠದ ಪುಟವನ್ನು ತೆರೆಯುವುದಕ್ಕೆ ಮುಂಚೆ ಈ ಪ್ರಯೋಗಗಳನ್ನು ಇದೇ ಕ್ರಮದಲ್ಲಿ ಮಾಡಿಸುವುದು ಈ ಕಾರಣದಿಂದಲೇ. ಹನ್ನೊಂದರಿಂದ ಹದಿನಾಲ್ಕರ ವರೆಗಿನ ವಯಸ್ಸಿನಲ್ಲಿ ಮಕ್ಕಳ ಪ್ರಶ್ನೆಗಳು ಇನ್ನೂ ಜೀವಂತವಾಗಿರುತ್ತವೆ. ಉತ್ತರಗಳನ್ನು ಮೊದಲೇ ಬಾಯಿಪಾಠ ಮಾಡಿಸಿದರೆ ಅವು ಬಾಡಿಹೋಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

1862ರಲ್ಲಿ ಇಂಗ್ಲೆಂಡಿನ ದೊಡ್ಡ ಗಂಡುಮಕ್ಕಳ ಶಾಲೆಗಳನ್ನು ವಿಚಾರಿಸಲು ನೇಮಿಸಿದ ಮಂಡಳಿಯ ಮುಂದೆ ಫ್ಯಾರಡೆಯು ಸಾಕ್ಷ್ಯ ನುಡಿದನು. ಭಾಷೆಗಳಲ್ಲಿ ಪಂಡಿತರಾದವರು ಪ್ರಕೃತಿಯ ವಿಷಯದಲ್ಲಿ ಏನೂ ತಿಳಿಯದವರಾಗಿರುವುದನ್ನು ಕುರಿತು ವ್ಯಸನಪಟ್ಟು, ಸರಳವಾಗಿ ವಿವರಿಸಿದರೆ ಪ್ರಯೋಗದ ಮರ್ಮವನ್ನು ಗ್ರಹಿಸದ ಹುಡುಗನನ್ನು ತಾನು ಕಂಡಿಲ್ಲವೆಂದನು. ಹುಡುಗಿಯರ ವಿಷಯವನ್ನು ವಿಚಾರಿಸುವುದು ಆ ಮಂಡಳಿಯ ಕೆಲಸವಾಗಿರಲಿಲ್ಲ. ವಿಚಾರಿಸಿದ್ದರೆ, ಮಾರ್ಸೆಟಳ ಶಿಷ್ಯನು ಏನು ಹೇಳುತ್ತಿದ್ದನೆಂಬುದನ್ನು ವಾಚಕರೇ ಊಹಿಸಬಹುದು.

ಅವನು ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನು ಒಲ್ಲೆನೆಂದನು. ಸರ್ ಎಂಬ ಬಿರುದನ್ನೂ ಬೇಡವೆಂದನು. ತಾನು ಹುಟ್ಟಿಬೆಳೆದ ಸಣ್ಣ ಕ್ರೈಸ್ತ ಸಭೆಯಲ್ಲಿ ಹಿರಿಯನಾಗಿ ಸೇವೆ ಮಾಡಿದನು. 1821ರಲ್ಲಿ ಮದುವೆಯಾದ ಸಾರಳೊಡನೆ ಅವನ ಸಂಸಾರವು ಸುಖವಾಗಿದ್ದಿತು, ಅವರಿಗೆ ಮಕ್ಕಳಾಗಲಿಲ್ಲ. ಮುಪ್ಪಿನಲ್ಲಿ ಜ್ಞಾಪಕಶಕ್ತಿಯು ಕುಂದುತ್ತ ಬಂದು, 1860ರ ಮೇಣದ ಬತ್ತಿಯ ಮಾಲೆಯೇ ಮಕ್ಕಳಿಗೆ ಅವನು ಕೊಟ್ಟ ಕಡೆಯದಾಯಿತು. 1867ನೆಯ ಆಗಸ್ಟ್ 25ರಂದು, ರಾಣಿಯು ವಾಸಕ್ಕೆ ಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ, ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಪ್ರಾಣಬಿಟ್ಟನು. ಹೈಗೇಟ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅವನು ನಡೆಯಿಸುತ್ತಿದ್ದ ಕ್ರಿಸ್ಮಸ್ ಉಪನ್ಯಾಸಗಳು, ಎರಡನೆಯ ಮಹಾಯುದ್ಧದ ಕೆಲವು ವರ್ಷಗಳನ್ನು ಬಿಟ್ಟರೆ, ಇಂದಿಗೂ ಮಕ್ಕಳಿಗಾಗಿ ನಡೆಯುತ್ತಲೇ ಬಂದಿವೆ.