ರಕ್ಷಣೆಯ ಅನಂತರದ ಪಾಪ: ಜಾನ್ ನ್ಯೂಟನ್‌ನ ಬದುಕು ಎತ್ತುವ ಪ್ರಶ್ನೆ

ರಕ್ಷಣೆ ಪಡೆದ ನಿಜ ವಿಶ್ವಾಸಿಯು ಅನಂತರವೂ ಪಾಪ ಮಾಡಬಲ್ಲನೇ ಎಂಬುದು ಕ್ರೈಸ್ತ ಚಿಂತನೆಯ ಅತ್ಯಂತ ಹಳೆಯ ಪ್ರಶ್ನೆಗಳಲ್ಲೊಂದು. ಯೋಹಾನನ ಮೊದಲನೆಯ ಪತ್ರಿಕೆಯಲ್ಲಿಯೇ ಇದರ ಬಿಕ್ಕಟ್ಟು ಅಡಗಿದೆ. ತಮ್ಮಲ್ಲಿ ಪಾಪವಿಲ್ಲವೆನ್ನುವವರು ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ ಎಂದು ಆರಂಭದಲ್ಲಿ ಹೇಳುವ ಆ ಪತ್ರಿಕೆ, ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲವೆಂದು ಮುಂದೆ ಸಾರುತ್ತದೆ. ವಿಶ್ವಾಸಿಯು ಏಕಕಾಲಕ್ಕೆ ನೀತಿವಂತನೂ ಪಾಪಿಯೂ ಆಗಿರುತ್ತಾನೆಂಬುದು ಮಾರ್ಟಿನ್ ಲೂಥರ್‌ನ ನಿಲುವು. ಆಯ್ಕೆಗೊಂಡವರು ಎಡವಿದರೂ ಕೃಪೆಯಿಂದ ಕೊನೆಗೂ ಜಾರಿಹೋಗರೆಂಬುದು ಕ್ಯಾಲ್ವಿನ್ ಪಂಥದ ನಂಬಿಕೆ. ಜಾನ್ ವೆಸ್ಲಿಯಾದರೋ ಈ ಜನ್ಮದಲ್ಲಿಯೇ ಪ್ರೀತಿಯ ಪರಿಪೂರ್ಣತೆ ಸಾಧ್ಯವೆಂದು ಬೋಧಿಸಿದ; ತಿಳಿದ ನಿಯಮವನ್ನು ಇಚ್ಛಾಪೂರ್ವಕವಾಗಿ ಮೀರುವುದನ್ನೇ ನಿಜವಾದ ಅರ್ಥದಲ್ಲಿ ಪಾಪವೆಂದು ಕರೆದ. ಸಿದ್ಧಾಂತದ ನೆಲೆಯಲ್ಲಿ ನಡೆದ ಈ ವಾಗ್ವಾದವು ಒಬ್ಬ ವ್ಯಕ್ತಿಯ ಬದುಕಿನಲ್ಲಿ ಪಡೆದ ರೂಪವನ್ನು ಅರಿಯಲು ಹದಿನೆಂಟನೆಯ ಶತಮಾನದ ಆಂಗ್ಲ ಕೀರ್ತನಕಾರ ಜಾನ್ ನ್ಯೂಟನ್‌ನ ಜೀವನವೃತ್ತಾಂತ ಮಹತ್ವದ ಆಕರವಾಗಿದೆ.

1. ಪತನ ಮತ್ತು ಪರಿವರ್ತನೆ

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ವಾಪಿಂಗ್ ಎಂಬಲ್ಲಿ. ತಂದೆ ಹಡಗಿನ ನಾಯಕ. ತಾಯಿ ಎಲಿಜಬೆತ್ ಅಧಿಕೃತ ಚರ್ಚಿನಿಂದ ಹೊರಗುಳಿದ ಪಂಥದ ಶ್ರದ್ಧಾವಂತ ಮಹಿಳೆ. ಮಗನಿಗೆ ಏಳು ತುಂಬುವ ಮೊದಲೇ ಆಕೆ ಕ್ಷಯರೋಗದಿಂದ ತೀರಿಕೊಂಡಳು. ಹನ್ನೊಂದರ ವಯಸ್ಸಿನಲ್ಲಿ ತಂದೆಯೊಡನೆ ಕಡಲಿಗಿಳಿದ ಹುಡುಗನನ್ನು 1744ರಲ್ಲಿ ನೌಕಾಪಡೆ ಬಲವಂತವಾಗಿ ಸೇರಿಸಿಕೊಂಡಿತು. ಹಾರ್ವಿಚ್ ಎಂಬ ಯುದ್ಧನೌಕೆಯಿಂದ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದು, ಎಲ್ಲರೆದುರು ಚಾಟಿಯೇಟು ತಿಂದು, ಪದವಿ ಕಳೆದುಕೊಂಡ. ಅಲ್ಲಿಂದ ಆಫ್ರಿಕಾದ ಸಿಯೆರಾ ಲಿಯೋನ್ ತೀರ ಸೇರಿ, ಒಬ್ಬ ಗುಲಾಮ ವ್ಯಾಪಾರಿಯ ಕೈಕೆಳಗೆ ತಾನೇ ಜೀತದವನಂತೆ ಹಸಿವು, ಜ್ವರ, ಅವಮಾನಗಳಲ್ಲಿ ದಿನ ಕಳೆದ. ಈ ಅವಧಿಯಲ್ಲಿ ಅವನು ದೈವನಿಂದಕನೆಂದೇ ಹೆಸರಾಗಿದ್ದ.

ತಂದೆಯ ಸ್ನೇಹಿತನೊಬ್ಬನ ಪ್ರಯತ್ನದಿಂದ ಬಿಡುಗಡೆಗೊಂಡು ಗ್ರೇಹೌಂಡ್ ಎಂಬ ಹಡಗಿನಲ್ಲಿ ಊರಿಗೆ ಮರಳುತ್ತಿದ್ದಾಗ, ಅಂದಿನ ಹಳೆಯ ಪಂಚಾಂಗದಂತೆ 1748ರ ಮಾರ್ಚ್ 10ರಂದು ಭೀಕರ ಬಿರುಗಾಳಿ ಎದುರಾಯಿತು. ಹಡಗಿನ ಒಂದು ಪಕ್ಕ ಒಡೆದು ನೀರು ನುಗ್ಗಿದಾಗ ಅವನು ಅನೇಕ ವರ್ಷಗಳ ಬಳಿಕ ದೇವರ ಕರುಣೆಯನ್ನು ಬೇಡಿದ. ಹಡಗು ಸುಮಾರು ನಾಲ್ಕು ವಾರಗಳ ಅನಂತರ ಐರ್ಲೆಂಡಿನ ತೀರ ಮುಟ್ಟಿತು. ಈ ದಿನವನ್ನು ತನ್ನ ಪರಿವರ್ತನೆಯ ದಿನವೆಂದು ಅವನು ಜೀವಮಾನವಿಡೀ ಆಚರಿಸಿದ.

2. ಹಡಗಿನ ಮೇಲಟ್ಟ ಮತ್ತು ಕೆಳಗಿನ ಒಡಲು

ಜನಪ್ರಿಯ ಕಥನಗಳು ಸಾಮಾನ್ಯವಾಗಿ ಈ ಬಿರುಗಾಳಿಯಿಂದ ನೇರವಾಗಿ ಕೀರ್ತನೆಗೆ ಜಿಗಿಯುತ್ತವೆ. ಆದರೆ ನ್ಯೂಟನ್‌ನ ಗುಲಾಮ ವ್ಯಾಪಾರದ ಬಹುಭಾಗ ನಡೆದದ್ದು ಈ ಪರಿವರ್ತನೆಯ ಅನಂತರವೇ. 1748ರಲ್ಲಿಯೇ ಅವನು ಬ್ರೌನ್‌ಲೋ ಎಂಬ ಗುಲಾಮರ ಹಡಗಿನಲ್ಲಿ ಉಪನಾಯಕನಾಗಿ ಆಫ್ರಿಕಾಕ್ಕೆ ತೆರಳಿದ. 1750ರಲ್ಲಿ ಮೇರಿ ಕ್ಯಾಟ್ಲೆಟ್‌ಳನ್ನು ಮದುವೆಯಾದ. ಅದೇ ವರ್ಷ ಡ್ಯೂಕ್ ಆಫ್ ಆರ್ಗೈಲ್ ಹಡಗಿನ ನಾಯಕನಾದ. ಮುಂದೆ 1754ರವರೆಗೆ ಆಫ್ರಿಕನ್ ಎಂಬ ಹಡಗಿನಲ್ಲಿ ಇನ್ನೆರಡು ಯಾನಗಳನ್ನು ನಡೆಸಿದ.

ಈ ಯಾನಗಳ ದಿನಚರಿಯಲ್ಲಿ ಸೆರೆಯಾದವರಿಗೆ ಹೆಸರುಗಳಿಲ್ಲ, ಕ್ರಮಸಂಖ್ಯೆಗಳಿವೆ. 1752ರ ಕೊನೆಯಲ್ಲಿ ದಂಗೆಯ ಸುಳಿವು ಸಿಕ್ಕಾಗ ಹುಡುಗರ ಬಾಯಿ ಬಿಡಿಸಲು ಹೆಬ್ಬೆರಳಿಗೆ ತಿರುಪು ಬಿಗಿಸಿದ ಸಂಗತಿಯನ್ನು ಅವನು ಕಡತದ ಭಾಷೆಯಲ್ಲಿ ನಮೂದಿಸಿದ್ದಾನೆ. ಅದೇ ನಾಯಕ ಭಾನುವಾರಗಳಂದು ನಾವಿಕರಿಗಾಗಿ ಪ್ರಾರ್ಥನೆ ನಡೆಸುತ್ತಿದ್ದ, ಹೆಂಡತಿಗೆ ಕೋಮಲವಾದ ಪತ್ರಗಳನ್ನು ಬರೆಯುತ್ತಿದ್ದ, ಪ್ರಾರ್ಥನೆಯಲ್ಲಿ ಮನಸ್ಸು ಚಂಚಲವಾಗುವುದಕ್ಕೆ ಪರಿತಪಿಸುತ್ತಿದ್ದ. ಕೊನೆಯ ಯಾನ ಸಾವುನೋವಿಲ್ಲದೆ ಮುಗಿದಾಗ ಲಿವರ್‌ಪೂಲಿನ ದೇವಾಲಯಗಳಲ್ಲಿ ಕೃತಜ್ಞತಾ ಪ್ರಾರ್ಥನೆ ಸಲ್ಲಿಸಿದ. ಇಲ್ಲಿ ಇಬ್ಬಂದಿತನವನ್ನು ಮಾತ್ರ ಕಾಣುವುದು ಸುಲಭ. ಆದರೆ ದಾಖಲೆಗಳು ಹೇಳುವುದು ಅದಕ್ಕಿಂತ ಗಹನವಾದುದನ್ನು. ಅವನ ಪಶ್ಚಾತ್ತಾಪ ನಟನೆಯಾಗಿರಲಿಲ್ಲ. ಅವನು ಗುರುತಿಸಿದ ಪಾಪಗಳ ಪಟ್ಟಿಯಲ್ಲಿ ಈ ಉದ್ಯೋಗವೇ ಇರಲಿಲ್ಲ.

ಇದೇ ಅವಧಿಯ ಮತ್ತೊಂದು ಘಟನೆ ಪ್ರಸ್ತುತ ಚರ್ಚೆಗೆ ನಿರ್ಣಾಯಕವಾಗಿದೆ. 1754ರಲ್ಲಿ ವೆಸ್ಟ್ ಇಂಡೀಸಿನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಅಲೆಕ್ಸಾಂಡರ್ ಕ್ಲೂನಿ ಎಂಬ ನೌಕಾನಾಯಕನ ಪರಿಚಯವಾಯಿತು. ವಿಶ್ವಾಸಿಯನ್ನು ಕಾಪಾಡುವುದು ಅವನ ಸ್ವಂತ ಬಲವಲ್ಲ, ದೇವರ ಒಡಂಬಡಿಕೆ ಎಂದು ಕ್ಲೂನಿ ಮನಗಾಣಿಸಿದ. ಮತ್ತೆ ಜಾರಿಬಿದ್ದೇನೆಂಬ ನ್ಯೂಟನ್‌ನ ಭಯ ಅಲ್ಲಿ ನೀಗಿತು. ರಕ್ಷಣೆ ಶಾಶ್ವತವೆಂಬ ಭರವಸೆಯನ್ನು ಅವನು ಪಡೆದದ್ದು ಮನುಷ್ಯರನ್ನು ಮಾರಲು ಬಂದ ಬಂದರಿನಲ್ಲಿ ಎಂಬುದು ಈ ಬದುಕಿನ ತೀಕ್ಷ್ಣವಾದ ವೈರುಧ್ಯ. ಅವನು ಕಡಲು ತೊರೆದದ್ದೂ ನೈತಿಕ ಕಾರಣದಿಂದಲ್ಲ. 1754ರ ನವೆಂಬರಿನಲ್ಲಿ ಮುಂದಿನ ಯಾನಕ್ಕೆ ಎರಡು ದಿನಗಳಿರುವಾಗ ಅವನು ಇದ್ದಕ್ಕಿದ್ದಂತೆ ಪ್ರಜ್ಞೆತಪ್ಪಿ ಬಿದ್ದ; ವೈದ್ಯರ ಸಲಹೆಯಂತೆ ಉದ್ಯೋಗ ಬಿಟ್ಟ.

3. ಆಲ್ನಿಯ ಸಭಾಪಾಲಕ

ಲಿವರ್‌ಪೂಲಿನಲ್ಲಿ ಸುಂಕದ ಅಧಿಕಾರಿಯಾಗಿದ್ದುಕೊಂಡು ಗ್ರೀಕ್, ಹೀಬ್ರೂ ಕಲಿತ ನ್ಯೂಟನ್ 1764ರಲ್ಲಿ ದೀಕ್ಷೆ ಪಡೆದು ಬಕಿಂಗ್‌ಹ್ಯಾಮ್‌ಷೈರಿನ ಆಲ್ನಿ ಎಂಬ ಊರಿಗೆ ಬಂದ. ಅದೇ ವರ್ಷ ಅವನ ಆತ್ಮವೃತ್ತಾಂತ ಪ್ರಕಟವಾಯಿತು. ಅದರಲ್ಲಿ ಗುಲಾಮ ವ್ಯಾಪಾರವನ್ನು ಅಪ್ರಿಯ ಉದ್ಯೋಗವೆಂದು ಬಗೆದಿದ್ದಾನೆಯೇ ಹೊರತು ಅಪರಾಧವೆಂದಲ್ಲ. ವೆಸ್ಲಿಯೊಡನೆ ಸ್ನೇಹವಿದ್ದರೂ ಪರಿಪೂರ್ಣತೆಯ ಬೋಧನೆಯನ್ನು ಅವನು ಒಪ್ಪಲಿಲ್ಲ. ಕೃಪೆಯ ಬೆಳವಣಿಗೆಯನ್ನು ಮೊಳಕೆ, ತೆನೆ, ಕಾಳುಗಟ್ಟಿದ ತೆನೆ ಎಂಬ ಮೂರು ಹಂತಗಳಲ್ಲಿ ವಿವರಿಸಿದ ಅವನ ಪತ್ರಗಳ ಸಾರವೆಂದರೆ, ಪಕ್ವಗೊಂಡ ವಿಶ್ವಾಸಿ ತನ್ನನ್ನು ಶ್ರೇಷ್ಠನೆಂದು ಭಾವಿಸುವುದಿಲ್ಲ. ತನ್ನ ಹೃದಯದ ಕೇಡನ್ನು ಮೊದಲಿಗಿಂತ ಆಳವಾಗಿ ಬಲ್ಲವನಾಗಿರುತ್ತಾನೆ.

1773ರ ಹೊಸವರ್ಷದ ದಿನದ ಪ್ರಬೋಧನೆಗಾಗಿ ರಚಿತವಾದ ಕೀರ್ತನೆಯೇ ಮುಂದೆ ಅಮೇಜಿಂಗ್ ಗ್ರೇಸ್ ಎಂದು ಲೋಕವಿಖ್ಯಾತವಾಯಿತು. ಅದೇ ತಿಂಗಳು ಅವನ ಆಪ್ತಮಿತ್ರ, ಕವಿ ವಿಲಿಯಂ ಕೂಪರ್ ಮತಿವಿಕಲತೆಗೆ ಒಳಗಾಗಿ, ದೇವರು ತನ್ನನ್ನು ಕೈಬಿಟ್ಟನೆಂಬ ನಂಬಿಕೆಗೆ ಬಿದ್ದ. ಒಬ್ಬನಿಗೆ ಅಭಯವಾದ ಸಿದ್ಧಾಂತ ಇನ್ನೊಬ್ಬನಿಗೆ ನೆರವಾಗಲಿಲ್ಲ. ಆದರೂ ನ್ಯೂಟನ್ ಅವನನ್ನು ತಿಂಗಳುಗಟ್ಟಲೆ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡ. ಇಬ್ಬರ ರಚನೆಗಳೂ ಸೇರಿದ 348 ಕೀರ್ತನೆಗಳ ಆಲ್ನಿ ಸಂಕಲನ 1779ರಲ್ಲಿ ಹೊರಬಂದಿತು.

4. ತಡವಾದ ಒಪ್ಪಿಗೆ

1780ರಲ್ಲಿ ಲಂಡನ್ನಿನ ಸೇಂಟ್ ಮೇರಿ ವುಲ್‌ನಾತ್ ದೇವಾಲಯಕ್ಕೆ ಬಂದ ನ್ಯೂಟನ್‌ನನ್ನು 1785ರಲ್ಲಿ ಯುವ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಗುಟ್ಟಾಗಿ ಭೇಟಿಯಾದ. ರಾಜಕೀಯ ಬಿಡಬಾರದೆಂದು ನ್ಯೂಟನ್ ಅವನಿಗೆ ಸಲಹೆಯಿತ್ತ. (ಮುಂದೆ 1817ರಲ್ಲಿ ಶ್ರೀರಾಂಪುರದಿಂದ ಕನ್ನಡ ವ್ಯಾಕರಣ ಪ್ರಕಟಿಸಿದ ವಿಲಿಯಂ ಕೇರಿಯೂ ಭಾರತಕ್ಕೆ ಹೊರಡುವ ಮುನ್ನ ನ್ಯೂಟನ್‌ನ ಸಲಹೆ ಪಡೆದಿದ್ದ.) 1787ರಲ್ಲಿ ಗುಲಾಮ ವ್ಯಾಪಾರ ನಿರ್ಮೂಲನೆಗಾಗಿ ಸಮಿತಿ ರೂಪುಗೊಂಡಿತು. ಮರುವರ್ಷ ನ್ಯೂಟನ್ ಆಫ್ರಿಕಾದ ಗುಲಾಮ ವ್ಯಾಪಾರ ಕುರಿತ ತನ್ನ ಕಿರುಹೊತ್ತಗೆ ಪ್ರಕಟಿಸಿದ. ಬಿರುಗಾಳಿಯ ದಿನದಿಂದ ಲೆಕ್ಕ ಹಾಕಿದರೆ ಇದು ನಲವತ್ತು ವರ್ಷಗಳ ಅನಂತರದ ಮಾತು.

ಆ ಕಾಲದಲ್ಲಿ ತನಗೆ ಈ ಉದ್ಯೋಗದ ನ್ಯಾಯಾನ್ಯಾಯದ ಶಂಕೆಯೇ ಮೂಡಿರಲಿಲ್ಲವೆಂದು ಅದರಲ್ಲಿ ಹೇಳುವ ನ್ಯೂಟನ್, ಆ ಅಜ್ಞಾನವನ್ನು ರಕ್ಷಾಕವಚವಾಗಿ ಬಳಸುವುದಿಲ್ಲ. ತನ್ನ ಒಪ್ಪಿಗೆ ತೀರ ತಡವಾಯಿತೆಂದೂ, ಅದು ಆದ ಕೇಡನ್ನು ಸರಿಪಡಿಸಲಾರದೆಂದೂ, ತನಗೆ ಅದು ಸದಾ ಅವಮಾನದ ನೆನಪೆಂದೂ ಬರೆಯುತ್ತಾನೆ. ವೆಸ್ಲಿಯ ಲಕ್ಷಣವನ್ನು ಅಕ್ಷರಶಃ ಅನ್ವಯಿಸಿದರೆ, ಅರಿಯದೆ ಮಾಡಿದ ಈ ಕೃತ್ಯ ನಿಜಾರ್ಥದ ಪಾಪದ ಹೊರಗೆ ಉಳಿದುಬಿಡಬಹುದಾಗಿತ್ತು. ಆದರೆ ಅದೇ ವೆಸ್ಲಿ 1774ರಷ್ಟು ಹಿಂದೆಯೇ ಗುಲಾಮಗಿರಿಯನ್ನು ಖಂಡಿಸಿ ಬರೆದಿದ್ದ; ಕೃಪೆಯ ಸಿದ್ಧಾಂತದಲ್ಲಿ ನೆಮ್ಮದಿ ಕಂಡ ನ್ಯೂಟನ್‌ಗೆ ಇನ್ನೂ ಹದಿನಾಲ್ಕು ವರ್ಷಗಳು ಬೇಕಾದವು. ಸರಿಯಾದ ಸಿದ್ಧಾಂತ ಸರಿಯಾದ ದೃಷ್ಟಿಯನ್ನು ತಾನಾಗಿ ತಂದುಕೊಡುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

1790ರಲ್ಲಿ ಅವನು ಸಂಸತ್ತಿನ ಕೆಳಮನೆಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದ. 1807ರ ಮಾರ್ಚಿನಲ್ಲಿ ಬ್ರಿಟಿಷ್ ಗುಲಾಮ ವ್ಯಾಪಾರವನ್ನು ನಿಷೇಧಿಸುವ ಶಾಸನ ಬಂದಿತು. ಅದೇ ವರ್ಷದ ಡಿಸೆಂಬರ್ 21ರಂದು ನ್ಯೂಟನ್ ತೀರಿಕೊಂಡ.

ವಿಶ್ವಾಸಿ ಪಾಪ ಮಾಡಬಲ್ಲನೇ ಎಂಬ ಪ್ರಶ್ನೆಗೆ ಈ ಜೀವನ ಹೌದೆಂಬ ಉತ್ತರವನ್ನಷ್ಟೇ ನೀಡುವುದಿಲ್ಲ. ಪ್ರಶ್ನೆಯ ಸ್ವರೂಪವನ್ನೇ ಬದಲಿಸುತ್ತದೆ. ಮೂರೂ ಪಂಥಗಳು ವಿಶ್ವಾಸಿಯ ಅಂತರಂಗವನ್ನೇ ಮುಖ್ಯ ಸಾಕ್ಷಿಯಾಗಿ ಕರೆಯುತ್ತವೆ. ನ್ಯೂಟನ್‌ನ ಅಂತರಂಗವಾದರೋ ಪ್ರಾಮಾಣಿಕವಾಗಿದ್ದೂ ಕುರುಡಾಗಿತ್ತು. ಆ ಕುರುಡು ಪೂರ್ಣವಾಗಿ ಕಳಚಿದ್ದು ಏಕಾಂತದ ಆತ್ಮಪರೀಕ್ಷೆಯಿಂದಲ್ಲ; ಕ್ವೇಕರರು, ನಿರ್ಮೂಲನಾವಾದಿಗಳು, ಒಟ್ಟೋಬಾ ಕುಗೋವಾನೋ ಮತ್ತು ಒಲೌಡಾ ಎಕ್ವಿಯಾನೋ ಅವರಂತಹ ಮಾಜಿ ಗುಲಾಮರು ಕಟ್ಟಿದ ಸಾರ್ವಜನಿಕ ವಿವೇಕದ ಕಾಲದಲ್ಲಿ. ದಿನಚರಿಯಲ್ಲಿ ಸಂಖ್ಯೆಗಳಾಗಿದ್ದವರ ಬಾಂಧವರು ಹೆಸರು ಹೊತ್ತು ಮಾತನಾಡತೊಡಗಿದಾಗಲೇ ನ್ಯೂಟನ್‌ನ ಪಾಪನಿವೇದನೆಯೂ ಪೂರ್ಣಗೊಂಡಿತು. ರಕ್ಷಣೆಯ ಅನಂತರದ ಪಾಪವನ್ನು ಕುರಿತ ಚರ್ಚೆಯಲ್ಲಿ ಪಾಪಿಯ ಮನಸ್ಸಿನಷ್ಟೇ, ಆ ಪಾಪದಿಂದ ನೊಂದವರ ದನಿಗೂ ಪ್ರಮಾಣದ ಸ್ಥಾನ ಸಲ್ಲಬೇಕೆಂಬುದನ್ನು ಈ ಬದುಕು ಸ್ಪಷ್ಟಪಡಿಸುತ್ತದೆ.