ಲಿಂಡ್ಲೆ ಮರ್ರೆ

ಕೂಟಗಲ್ಲಿನ ನಮ್ಮ ಮನೆತನದಲ್ಲಿ ಇಂಗ್ಲಿಷ್ ಕಲಿತವರಲ್ಲಿ ನಾನೇ ಮೊದಲಿಗ. ಅಲ್ಪವಿರಾಮವನ್ನು ಎಲ್ಲಿಡಬೇಕೆಂದು ತೋಚದೆ ಲೇಖನಿ ನಿಂತಾಗಲೆಲ್ಲ ಮರ್ರೆ ಮಹಾಶಯರು ನೆನಪಾಗುತ್ತಾರೆ.

ಇವರು 1745ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಜನಿಸಿ, ನ್ಯೂಯಾರ್ಕಿನಲ್ಲಿ ವಕೀಲರೂ ವರ್ತಕರೂ ಆಗಿ ಐಶ್ವರ್ಯ ಗಳಿಸಿದರು. ದೇಹಸ್ಥಿತಿ ಕೆಡಲು 1784ರಲ್ಲಿ ಇಂಗ್ಲೆಂಡಿಗೆ ಬಂದು ಯಾರ್ಕ್ ನಗರದ ಬಳಿ ನೆಲೆಸಿದರು. ಕ್ರಮೇಣ ನಡೆಯುವ ಶಕ್ತಿಯೂ ಕುಂದಿತು. ಅಲ್ಲಿಯ ಬಾಲಿಕೆಯರ ಶಾಲೆಯ ಉಪಾಧ್ಯಾಯಿನಿಯರು ಕೇಳಿಕೊಳ್ಳಲು, ಇಂಗ್ಲಿಷ್ ವ್ಯಾಕರಣವೊಂದನ್ನು ಬರೆದು 1795ರಲ್ಲಿ ಪ್ರಕಟಿಸಿದರು. ಓದುವಾಗ ಅಲ್ಪವಿರಾಮಕ್ಕೆ ಒಂದು ಪಾಲು ನಿಂತರೆ ಅರ್ಧವಿರಾಮಕ್ಕೆ ಎರಡು, ಕೋಲನ್ನಿಗೆ ನಾಲ್ಕು, ಪೂರ್ಣವಿರಾಮಕ್ಕೆ ಎಂಟು ಎಂಬುದು ಅವರ ಲೆಕ್ಕ. ಗ್ರಂಥದ ಲಾಭವನ್ನು ದಾನಕ್ಕೆ ಬಿಟ್ಟು, 1826ರಲ್ಲಿ ಕಾಲವಾದರು.

ಇಂದು ಆ ಪಾಲುಗಳನ್ನು ಯಾರೂ ಎಣಿಸುವುದಿಲ್ಲ. ವಾಕ್ಯದ ಅರ್ಥವನ್ನು ನೋಡಿಯೇ ಚಿಹ್ನೆ ಇಡುತ್ತಾರೆ. ಆದರೂ ಹೇಳಿಕೊಡುವವರಿಲ್ಲದ ಮನೆಯಿಂದ ಬಂದವನಿಗೆ ಅಂಥ ಸರಳವಾದ ಲೆಕ್ಕವೊಂದು ಎಷ್ಟು ಧೈರ್ಯವೆಂಬುದನ್ನು ನಾನು ಬಲ್ಲೆ.